ಚಿನ್ನದ ನಿಬ್ಬಿನ ತುಕ್ಕು

ಹಳೆಯ ಪೆನ್ನಿನ ನಿಬ್ಬಿಗೆ ಹಿಡಿದ ತುಕ್ಕು ತೆಗೆಯುವವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಚಿನ್ನದ ನಿಬ್ಬಿಗೆ ಹಿಡಿದ ತುಕ್ಕು ತೆಗೆದವನು ಮಾತ್ರ ಈ ಭೂಮಂಡಲದಲ್ಲಿ ನಾನೊಬ್ಬನೇ. ನಗಬೇಡಿ. ನಕ್ಕವರನ್ನು ನನ್ನ ಮಾವನವರ ಬೀದಿಗೆ ಕರೆದುಕೊಂಡು ಹೋಗಿ ನಡುರಸ್ತೆಯಲ್ಲಿ ನಿಲ್ಲಿಸುತ್ತೇನೆ. ಅಲ್ಲಿನ ಒಂದೊಂದು ಕಿಟಕಿಯೂ ತೆರೆದುಕೊಂಡು ನನ್ನ ಪರವಾಗಿ ಸಾಕ್ಷಿ ಹೇಳುತ್ತದೆ.

ಮೊದಲು ಆ ಪೆನ್ನಿನ ಮಹಿಮೆ ಕೇಳಿ. ಅದು ಮಾವನವರಿಗೆ ಅವರ ತಂದೆಯಿಂದ ಬಂದದ್ದು. ಕರಿ ಮೈ, ಮುಚ್ಚಳದ ಅಂಚಿಗೆ ಹಳದಿ ಪಟ್ಟಿ, ಮೂತಿಯಲ್ಲಿ ಅಚ್ಚ ಚಿನ್ನದ ನಿಬ್ಬು. ಆ ಬೀದಿಯಲ್ಲಿ ಯಾರೇ ಆಗಲಿ, ಬದುಕಿನಲ್ಲಿ ಎಣಿಸಿಕೊಳ್ಳುವಂಥ ಸಹಿ ಹಾಕಬೇಕಾದರೆ ಆ ಪೆನ್ನಿನಲ್ಲೇ ಹಾಕಬೇಕು. ಮನೆ ಕೊಳ್ಳುವವರು, ಮಗುವನ್ನು ಶಾಲೆಗೆ ಸೇರಿಸುವವರು, ಕೆಲಸಕ್ಕೆ ಸೇರುವವರು, ಕೆಲಸ ಬಿಡುವವರು, ಎಲ್ಲರೂ ಮೊದಲು ಮಾವನವರ ಬಾಗಿಲು ತಟ್ಟುತ್ತಿದ್ದರು. ಆದರೆ ಪೆನ್ನು ಒಂಟಿಯಾಗಿ ಹೊರಗೆ ಹೋಗುವಂತಿಲ್ಲ. ಮಾವನವರು ಕೋಟು ಹಾಕಿಕೊಂಡು, ಕೋಟಿನ ಜೇಬಿಗೆ ಪೆನ್ನು ಹಾಕಿಕೊಂಡು, ಜೇಬಿನ ಮೇಲೆ ಕೈಯಿಟ್ಟುಕೊಂಡು ತಾವೇ ಹೋಗುತ್ತಿದ್ದರು. ಸಹಿ ಹಾಕುವವರ ಹೆಗಲ ಹಿಂದೆ ನಿಂತು, "ಒತ್ತಬೇಡಿ, ಒತ್ತಬೇಡಿ. ಚಿನ್ನ ಅದು, ತಾನಾಗೇ ಬರಿಯತ್ತೆ" ಎಂದು ಹೇಳುತ್ತಿದ್ದರು. ಎದುರುಮನೆಯ ಸ್ಟೇಷನ್ ಮಾಸ್ಟರು ಮಗನ ಮದುವೆಯಲ್ಲಿ ಅವಸರ ಮಾಡಿ ಬಾಲ್‌ಪೆನ್ನಿನಲ್ಲಿ ಸಹಿ ಹಾಕಿಸಿಬಿಟ್ಟಿದ್ದರು. ಸೊಸೆಗೂ ಮಗನಿಗೂ ಆ ವಾರವೇ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬುದರ ಮೇಲೆ ಜಗಳ ಹತ್ತಿತು. ಬೀದಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

ಈ ಸ್ಟೇಷನ್ ಮಾಸ್ಟರ ಬಳಿಯೂ ಒಂದು ಚಿನ್ನದ ಗಡಿಯಾರವಿತ್ತು. ಅವರ ತಾತನದಂತೆ. ಸರಪಳಿ ಸಮೇತ ಡಬ್ಬಿಯಲ್ಲಿಟ್ಟಿದ್ದರು. ಮಾವನವರು ಪೆನ್ನು ತೆಗೆದಾಗಲೆಲ್ಲ ಅವರು ಗಡಿಯಾರದ ಸುದ್ದಿ ತೆಗೆಯುತ್ತಿದ್ದರು. ಆದರೆ ಗಡಿಯಾರದಿಂದ ಸಹಿ ಹಾಕಲು ಬರುವುದಿಲ್ಲವಲ್ಲ, ಹಾಗಾಗಿ ಅವರು ಎಂದೂ ಎರಡನೆಯವರಾಗಿಯೇ ಉಳಿದಿದ್ದರು.

ಹೀಗಿರುವಾಗ ಮಾವನವರು ಗೋಡೆಯ ಫೋಟೋ ಒರೆಸಲು ಸ್ಟೂಲು ಹತ್ತಿ, ಸ್ಟೂಲಿನ ಸಮೇತ ಕೆಳಗೆ ಬಂದು, ಬಲಗೈ ಮುರಿದುಕೊಂಡರು. ಕೈಗೆ ಪ್ಲಾಸ್ಟರು ಬಿತ್ತು. ಪೆನ್ನು ಹೊಟ್ಟೆ ತುಂಬ ಇಂಕು ಕುಡಿದುಕೊಂಡು, ಮುಚ್ಚಳ ಹಾಕಿಕೊಂಡು, ಬೀರುವಿನಲ್ಲಿ ತಿಂಗಳುಗಟ್ಟಲೆ ಮಲಗಿತು. ಆ ಪ್ಲಾಸ್ಟರು ಬಿಚ್ಚಿದ ವಾರವೇ ನನ್ನ ನಾದಿನಿಯ ಮದುವೆ ಗೊತ್ತಾಗಿತ್ತು. ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಆಮೇಲೆ ಎಲ್ಲರಿಗೂ ಊಟ, ಅಷ್ಟೇ. ನಾನೂ ನನ್ನ ಹೆಂಡತಿಯೂ ಶುಕ್ರವಾರವೇ ಬಂದಿಳಿದಿದ್ದೆವು.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಸುತ್ತ ಕುಳಿತಿದ್ದಾಗ ಮಾವನವರು ಪೆನ್ನಿನ ಮುಚ್ಚಳ ತಿರುಗಿಸಿ ತೆಗೆದರು. ತೆಗೆದವರು ಪೆನ್ನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು.

"ಇದೇನೇ ಇದು?"

"ಇಂಕು ಒಣಗಿದೆ ಅಪ್ಪ," ಎಂದಳು ನಾದಿನಿ.

"ಇಂಕು ನೀಲಿ ಕಣಮ್ಮ. ಇದು ಕೆಂಪಗಿದೆ. ನೋಡು, ಪುಡಿಪುಡಿ ಉದುರ್ತಾ ಇದೆ."

ಅಡುಗೆಮನೆಯಲ್ಲಿ ನಮ್ಮತ್ತೆಯ ಕೈಯಿಂದ ಒಂದು ತಟ್ಟೆ ಜಾರಿ ಬಿದ್ದು ಗಿರಗಿರ ತಿರುಗಿತು. ಆಗ ಯಾರೂ ಅದಕ್ಕೆ ಮಹತ್ವ ಕೊಡಲಿಲ್ಲ. ನೀವಾದರೂ ನೆನಪಿನಲ್ಲಿಟ್ಟುಕೊಳ್ಳಿ.

ಪೆನ್ನು ಕೈಯಿಂದ ಕೈಗೆ ದಾಟಿತು. ಎಲ್ಲರಿಗೂ ಕಾಣುತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಧೈರ್ಯವೆಂದರೆ ನನ್ನ ಮನೆತನದ ಆಸ್ತಿ.

"ತುಕ್ಕು, ಮಾವ," ಎಂದೆ.

ಮಾವನವರು ಪೆನ್ನನ್ನು ಮೇಜಿನ ಮೇಲೆ ಮಲಗಿಸಿದರು. "ನನ್ನ ಮದುವೆ ಆಗಿದ್ದು ಈ ಪೆನ್ನಲ್ಲಿ. ದೊಡ್ಡವಳ ಮದುವೆ ಆಗಿದ್ದು ಈ ಪೆನ್ನಲ್ಲಿ. ಚಿಕ್ಕವಳ ಮದುವೆಗೆ ಯಾವುದೋ ಪ್ಲಾಸ್ಟಿಕ್ ಕಡ್ಡಿ ಹಿಡಿದು ಗೀಚ್ಬೇಕಾ ನಾನು? ಆಗಲ್ಲ. ಬೀಗರಿಗೆ ಹೇಳಿಬಿಡಿ. ಮದುವೆ ಮುಂದಕ್ಕೆ."

"ಅಪ್ಪಾ!" ನಾದಿನಿ ಎದ್ದು ನಿಂತಳು. "ಅವರ ಮನೇಲಿ ಊರಿಗೆಲ್ಲ ಊಟಕ್ಕೆ ಹೇಳಿದಾರೆ!"

"ಊಟ ಮಾಡ್ಲಿ. ಸಹಿ ಆಮೇಲೆ."

"ನಿಮ್ಮ ಸಹಿ ಇಲ್ದೆ ನಾನು ಮದುವೆ ಆಗಲ್ಲ ಅಂತ ನಾನೇ ಅವರಿಗೆ ಹೇಳಿದೀನಿ," ಎಂದು ಅವಳು ಕಣ್ಣಲ್ಲಿ ನೀರು ತಂದುಕೊಂಡು ನನ್ನ ಕಡೆ ತಿರುಗಿದಳು. "ಭಾವ, ಏನಾದ್ರೂ ಮಾಡಿ ಭಾವ!"

ನಾನು ನಿಧಾನವಾಗಿ ಕಾಫಿ ಮುಗಿಸಿದೆ. ಇಂಥ ಹೊತ್ತಿನಲ್ಲಿ ಅವಸರ ಮಾಡುವುದು ಸಣ್ಣವರ ಲಕ್ಷಣ. "ಮಾವ, ನಾನು ಕೆಲಸ ಮಾಡೋದು ಎಲ್ಲಿ?"

"ಬೀಗದ ಕಾರ್ಖಾನೇಲಿ."

"ಬೀಗ ಅಂದ್ರೆ ಏನು? ಲೋಹ. ಲೋಹ ಅಂದ್ರೆ ಏನು? ತುಕ್ಕು. ತುಕ್ಕು ಅಂದ್ರೆ ನಾನು."

"ರೀ, ನೀವು ಡಬ್ಬದ ಮೇಲೆ ಲೇಬಲ್ ಅಂಟಿಸೋ ವಿಭಾಗದಲ್ಲಿರೋದು," ಎಂದಳು ನನ್ನ ಹೆಂಡತಿ.

ಹೆಂಡತಿಯರಿಗೆ ಉದ್ಯಮದ ಒಳಸುಳಿ ಅರ್ಥವಾಗುವುದಿಲ್ಲ. ಲೇಬಲ್ ಇಲ್ಲದ ಬೀಗ ಬೀಗವೇ ಅಲ್ಲ. ಅದೂ ಅಲ್ಲದೆ, ಒಮ್ಮೆ ನನ್ನ ಸ್ಟೀಲು ಪೆನ್ನು ಕ್ಯಾಂಟೀನಿನ ನಿಂಬೆ ಶರಬತ್ತಿನ ಲೋಟದೊಳಗೆ ಬಿದ್ದು, ಸಂಜೆ ಎತ್ತಿ ನೋಡಿದರೆ ಹೊಸ ನಾಣ್ಯದ ಹಾಗೆ ಫಳಫಳ ಎನ್ನುತ್ತಿತ್ತು. ಇಷ್ಟು ಅನುಭವ ಸಾಲದೆ? ಮಿಕ್ಕಿದ್ದಕ್ಕೆ ಪ್ರತಿಭೆ ಇತ್ತು.

ಮೇಜಿನ ಮೇಲೆ ಬಿಳಿ ಟವೆಲ್ ಹಾಸಿಸಿದೆ. ಉಗುರುಬೆಚ್ಚಗಿನ ನೀರು ತರಿಸಿದೆ. ಪೆನ್ನಿನ ಮೂತಿಯನ್ನು ಅದರಲ್ಲಿ ಅದ್ದಿದಾಗ ಒಣಗಿದ ಇಂಕು ನೀಲಿ ಹೊಗೆಯ ಹಾಗೆ ಸುರುಳಿಸುರುಳಿಯಾಗಿ ಬಿಟ್ಟುಕೊಂಡಿತು. ಮನೆಯವರು ಉಸಿರು ಬಿಗಿಹಿಡಿದು ನೋಡಿದರು. ಆಮೇಲೆ ನಿಬ್ಬನ್ನೂ ಅದರಡಿಯ ಕರಿ ನಾಲಿಗೆಯನ್ನೂ ಒಟ್ಟಿಗೆ ರಬ್ಬರಿನ ತುಂಡಿನಲ್ಲಿ ಹಿಡಿದು, ತಿರುಗಿಸದೆ, ಅಲುಗಿಸದೆ, ನೇರ ಎಳೆದೆ. ಟಪ್ ಎಂದು ಬಂತು. "ಅಬ್ಬಾ!" ಎಂದರು ಮಾವ, ತಮ್ಮದೇ ಹಲ್ಲು ಕಿತ್ತ ಹಾಗೆ.

ಗಾಜಿನ ಲೋಟದಲ್ಲಿ ವಿನಿಗರ್ ಹಾಕಿ ನಿಬ್ಬನ್ನು ಮುಳುಗಿಸಿದೆ. "ಸ್ವಲ್ಪ ಹೊತ್ತು ನೆನೆದ್ರೆ ಸಾಕು. ಜಾಸ್ತಿ ಬಿಡಬಾರದು," ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟು ಹಜಾರಕ್ಕೆ ಬಂದೆ.

ಹಜಾರದಲ್ಲಿ ಆಗಲೇ ಜನ ಸೇರಿದ್ದರು. ಸ್ಟೇಷನ್ ಮಾಸ್ಟರು ತಮ್ಮ ಹೆಂಡತಿಯ ಜೊತೆ ಬಂದಿದ್ದರು. ಮೂಲೆ ಔಷಧಿ ಅಂಗಡಿಯ ಕಾಂಪೌಂಡರು ಅಂಗಡಿ ಬಾಗಿಲು ಎಳೆದು ಬಂದಿದ್ದರು.

"ಚಿನ್ನಕ್ಕೆ ತುಕ್ಕು ಹಿಡೀತಂತೆ?" ಎಂದರು ಸ್ಟೇಷನ್ ಮಾಸ್ಟರು, ದನಿಯಲ್ಲಿ ಹೇಳಲಾರದ ಒಂದು ಸಂತೋಷ.

"ಹಳೇ ಚಿನ್ನ ಅಂದ್ರೆ ಹಾಗೇನೇ," ಎಂದೆ. "ಈಗಿನ ಚಿನ್ನಕ್ಕೆ ಎಲ್ಲಿ ಹಿಡಿಯತ್ತೆ ಹೇಳಿ. ಅದರಲ್ಲಿ ಸತ್ವ ಎಲ್ಲಿದೆ?"

ಎಲ್ಲರೂ ತಲೆದೂಗಿದರು. ತಲೆದೂಗುವ ಜನ ಸಿಕ್ಕಿದರೆ ನನ್ನ ನಾಲಿಗೆಗೆ ಬೀಗ ಹಾಕುವ ಕಾರ್ಖಾನೆ ಇನ್ನೂ ಹುಟ್ಟಿಲ್ಲ. ನಮ್ಮ ಮಾಲೀಕರ ತಿಜೋರಿ ಕಚ್ಚಿಕೊಂಡಾಗ ದೇಶವಿದೇಶದ ತಜ್ಞರು ಬಂದು ಸೋತು ಕುಳಿತದ್ದು, ನಾನು ದಾರಿಯಲ್ಲಿ ಹೋಗುತ್ತಿದ್ದವನು ಕಿರುಬೆರಳಿನಿಂದ ತಟ್ಟಿ ತೆರೆದದ್ದು, ಆಗ ಮಾಲೀಕರು ಅತ್ತದ್ದು, ಎಲ್ಲವನ್ನೂ ಹೇಳಿದೆ. ಸ್ಟೇಷನ್ ಮಾಸ್ಟರ ಹೆಂಡತಿ ಕೂಡ ಕಣ್ಣೊರೆಸಿಕೊಂಡರು. ತಿಂಡಿಯ ಹೊತ್ತಿಗೆ ಶುರುವಾದ ತಿಜೋರಿ ಊಟದ ಹೊತ್ತಿಗೆ ತೆರೆದುಕೊಂಡಿತು.

"ಭಾವ," ಎಂದಳು ನಾದಿನಿ, "ಆ ನಿಬ್ಬು?"

ಓಡಿದೆ. ತುಕ್ಕು ಅರ್ಧ ಬಿಟ್ಟಿತ್ತು. ಇನ್ನರ್ಧ ಮೊಂಡು ಹಿಡಿದು ಕೂತಿತ್ತು. ಹಲ್ಲಿನ ಪುಡಿ ಹಾಕಿ, ಹಳೆಯ ಬ್ರಷ್ಷಿನಿಂದ ಅದೇ ಲೋಟದೊಳಗೆ ಗಸಗಸ ಉಜ್ಜಿದೆ. ಕಾರ್ಖಾನೆಯ ಗೌರವ ನೆನೆದು ಉಜ್ಜಿದೆ. ಕೊನೆಗೆ ಚಿಟಿಕೆ ಅಡುಗೆ ಸೋಡಾ ಹಾಕಿದೆ, ಹುಳಿ ಸಾಯಲಿ ಎಂದು. ಲೋಟ ಬುಸ್ಸೆಂದು ನೊರೆಯುಕ್ಕಿತು. ನೊರೆ ಇಳಿದ ಮೇಲೆ ನಿಬ್ಬನ್ನು ಎತ್ತಿ ಬೆಳಕಿಗೆ ಹಿಡಿದೆ.

ತುಕ್ಕಿನ ಒಂದು ಕಣವೂ ಇರಲಿಲ್ಲ. ಚಿನ್ನದ ಒಂದು ಕಣವೂ ಇರಲಿಲ್ಲ. ಬೆಳ್ಳಗೆ, ಚಮಚದ ಹಾಗೆ, ನಿಬ್ಬು ನನ್ನನ್ನು ನೋಡಿ ನಗುತ್ತಿತ್ತು.

ಮಾವನವರು ಕುರ್ಚಿ ಹುಡುಕಿಕೊಂಡು ಕುಳಿತರು. "ಅಳಿಯಂದಿರೇ, ನಮ್ಮಪ್ಪನ ಚಿನ್ನ ಎಲ್ಲಿ?"

ಅಷ್ಟು ಹೊತ್ತು ನನ್ನ ಕತೆಗೆ ಕಣ್ಣೊರೆಸಿಕೊಂಡ ಜನವೇ ಈಗ ನನ್ನ ಜೇಬಿನ ಕಡೆ ನೋಡತೊಡಗಿದರು. "ನಾನೇನೂ ಹೇಳ್ತಾ ಇಲ್ಲಪ್ಪ," ಎಂದರು ಸ್ಟೇಷನ್ ಮಾಸ್ಟರು, "ಆದ್ರೆ ತಿಜೋರಿ ಕಿರುಬೆರಳಲ್ಲಿ ತೆಗೆಯೋ ಕೈ ಅದು. ನಿಬ್ಬು ಬದಲಾಯಿಸೋದು ಏನು ಮಹಾ?"

"ನಮ್ಮನೆಯವರು ಏನನ್ನೂ ಬದಲಾಯಿಸಿಲ್ಲ!" ಎಂದು ಹೆಂಡತಿ ನನ್ನ ಪರ ನಿಂತಳು. "ಅಷ್ಟು ಚಾಲಾಕಿತನ ಇವರಿಗೆಲ್ಲಿಂದ ಬರಬೇಕು?"

ಆಗ ಕಾಂಪೌಂಡರು ಮುಂದೆ ಬಂದು ಲೋಟವನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಕೆಳಗಿನಿಂದ ಮೇಲಕ್ಕೆ ನೋಡಿದರು. ಕಂದು ನೀರು. ತಳದಲ್ಲಿ ಗಸಿ. ಮೂಸಿದರು. "ಯಾರೂ ಗಾಬರಿಯಾಗಬೇಡಿ," ಎಂದರು, ರೋಗಿಗೆ ಹೇಳುವ ದನಿಯಲ್ಲಿ. "ಚಿನ್ನ ಎಲ್ಲಿಗೂ ಹೋಗಿಲ್ಲ. ಇದರಲ್ಲೇ ಕರಗಿದೆ. ಸಕ್ಕರೆ ಕಾಫೀಲಿ ಕರಗಲ್ವಾ? ಹಾಗೆ."

ಅಲ್ಲಿಗೆ ಮನೆಯ ಹವಾಮಾನವೇ ಬದಲಾಯಿತು. ಲೋಟದ ಮೇಲೆ ತಟ್ಟೆ ಮುಚ್ಚಲಾಯಿತು. ಅದನ್ನು ಮಾವನವರು ಎರಡೂ ಕೈಯಲ್ಲಿ ಹಿಡಿದು, ಒಂದು ತೊಟ್ಟೂ ತುಳುಕದಂತೆ ನಡೆದು, ಅಡುಗೆಮನೆಯ ಕಟ್ಟೆಯ ಮೇಲೆ ಗೋಡೆಗೆ ಒತ್ತರಿಸಿ ಇಟ್ಟರು. ಚಿನ್ನ ಕರಗಿದ ನೀರನ್ನು ನೋಡಲು ಬೀದಿಯ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. "ಹೊಳೀತಾ ಇದೆ ಅಲ್ವಾ?" "ಹೊಳೀದೇ ಇರತ್ತಾ?" ಸ್ಟೇಷನ್ ಮಾಸ್ಟರ ಹೆಂಡತಿ ತಮ್ಮ ಕನ್ನಡಕದ ಕಡ್ಡಿಯನ್ನು ಒಂದೇ ಒಂದು ಸಲ ಅದ್ದಿ ತೆಗೆಯಲು ಅಪ್ಪಣೆ ಕೇಳಿದರು. ಮಾವನವರು ಕೊಡಲಿಲ್ಲ.

"ನನ್ನ ಹತ್ರ ಒಂದು ಪುಡಿ ಇದೆ," ಎಂದರು ಕಾಂಪೌಂಡರು. "ಇದಕ್ಕೆ ಹಾಕಿದ್ರೆ ಚಿನ್ನ ಇದ್ರೆ ತಳಕ್ಕೆ ಕೂತ್ಕೊಳತ್ತೆ. ಇಲ್ದಿದ್ರೆ ಇಲ್ಲ ಅಂತ ಗೊತ್ತಾಗತ್ತೆ. ತರ್ತೀನಿ ಇರಿ." ಮಾವನವರು ಒಬ್ಬರನ್ನೇ ಕಳಿಸಲು ಒಪ್ಪದೆ ಅವರ ಜೊತೆಗೇ ಹೊರಟರು. ಅವರ ಹಿಂದೆ ಬೀದಿಯೇ ಹೊರಟಿತು.

ತಿರುಗಿ ಬಂದು ನೋಡಿದರೆ ಲೋಟ ಕಟ್ಟೆಯ ಮೇಲೆ ಬೋರಲು ಬಿದ್ದುಕೊಂಡು ಒಣಗುತ್ತಿತ್ತು.

"ಇಲ್ಲಿದ್ದ ನೀರು?" ಎಂದರು ಮಾವ.

"ಯಾವ ನೀರು?" ಎಂದರು ಅತ್ತೆ, ಬಟ್ಟಲು ಒರೆಸುತ್ತ. "ಆ ಗಲೀಜಾ? ಸಿಂಕಿಗೆ ಸುರಿದೆ. ಮದುವೆ ಮನೇಲಿ ಎಂಜಲು ಲೋಟ ಇಟ್ಕೊಂಡು ಕೂರಕ್ಕಾಗತ್ತಾ?"

ಮಾವನವರ ಮುಖದಲ್ಲಿ ಮೂಡಿದ್ದನ್ನು ವರ್ಣಿಸಲು ನನ್ನಂಥವನಿಗೂ ಶಕ್ತಿ ಸಾಲದು. ಆದರೆ ಅವರು ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಯಾವ ಕಡತವೂ ಕಳೆದುಹೋಗುವುದಿಲ್ಲ, ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿರುತ್ತದೆ ಎಂಬುದು ಅವರ ಬಾಳಿನ ಸಿದ್ಧಾಂತ. ಬಗ್ಗಿ ಸಿಂಕಿನ ಕೆಳಗೆ ನೋಡಿದರು. ಅಲ್ಲಿ ಪೈಪು ಕೆಳಗಿಳಿದು, ಬಾಗಿ, ಮತ್ತೆ ಮೇಲೇರಿ ಗೋಡೆಯೊಳಗೆ ಹೋಗುತ್ತಿತ್ತು.

"ಈ ಬಾಗಿದ ಕಡೆ ನೀರು ನಿಲ್ಲತ್ತೆ," ಎಂದರು. "ಚಿನ್ನ ಭಾರ. ಇಲ್ಲೇ ಇರತ್ತೆ. ಪ್ಲಂಬರನ್ನ ಕರೀರಿ!"

ಅತ್ತೆಯ ಕೈಯಿಂದ ಇನ್ನೊಂದು ತಟ್ಟೆ ಬಿತ್ತು.

ಎಲ್ಲರೂ ಪ್ಲಂಬರನ್ನು ಕರೆಯಲು ಹಜಾರಕ್ಕೆ ನುಗ್ಗಿದಾಗ ಅತ್ತೆ ನನ್ನ ತೋಳು ಹಿಡಿದು ಬಾಗಿಲ ಹಿಂದಕ್ಕೆ ಎಳೆದರು. "ಅಳಿಯಂದಿರೇ, ನೀವು ಬುದ್ಧಿವಂತರು."

"ಅದೇನೋ ನಿಜ ಅತ್ತೆ."

"ಒಂದು ಮಾತು ಹೇಳಿ. ಚಿನ್ನಕ್ಕೆ ಎಲ್ಲಾದ್ರೂ ತುಕ್ಕು ಹಿಡಿಯತ್ತಾ? ಇಡೀ ಬೀದೀಲಿ ಒಂದು ತಲೆಗಾದ್ರೂ ಹೊಳೀಬಾರದಾ?"

ನನಗೆ ಆಗಲೇ ಹೊಳೆದಿತ್ತು. ಹೊಳೆದದ್ದು ನನ್ನ ಗಮನಕ್ಕೆ ಬಂದಿರಲಿಲ್ಲ, ಅಷ್ಟೇ.

"ನಿಮ್ಮ ಹೆಂಡ್ತಿ ಹೈಸ್ಕೂಲಿಗೆ ಹೋಗ್ತಿದ್ದ ಕಾಲ," ಎಂದು ಅತ್ತೆ ಪಿಸುಗುಟ್ಟಿದರು. "ಒಂದಿನ ಈ ಸಿಂಕಿನ ತೂತು ಕಟ್ಕೊಂಡಿತ್ತು. ನೀರು ಇಳೀತಾ ಇಲ್ಲ. ತಂತಿ ಹುಡುಕಿದೆ, ಇಲ್ಲ. ಕಡ್ಡಿ ಹುಡುಕಿದೆ, ಇಲ್ಲ. ಮೇಜಿನ ಮೇಲೆ ಇವರ ಪೆನ್ನಿತ್ತು. ಮೂತಿ ಚೂಪಾಗಿತ್ತಲ್ಲ, ಚುಚ್ಚಿದೆ. ನೀರು ಇಳೀತು. ನಿಬ್ಬೂ ಇಳೀತು."

"ಅಂದ್ರೆ ಚಿನ್ನದ ನಿಬ್ಬು..."

"ಆ ಪೈಪಲ್ಲೇ ಇರ್ಬೇಕು. ನಾನು ಶಾಲೆ ಹತ್ರದ ಅಂಗಡಿಗೆ ಓಡಿ, ಹಳದಿ ಬಣ್ಣದ್ದು ಒಂದು ಕೊಡಪ್ಪ ಅಂದೆ. ತಂದು ಸಿಕ್ಕಿಸಿಟ್ಟೆ. ಸಂಜೆ ಇವರು ಬಂದು ಬರೆದವರು ಏನಂದ್ರು ಗೊತ್ತಾ? 'ಇವತ್ತು ಯಾಕೋ ಪೆನ್ನು ಬೆಣ್ಣೆ ಥರ ಓಡ್ತಿದೆ. ಚಿನ್ನ ಹಳೇದಾದಷ್ಟೂ ಹದ ಕಣೇ' ಅಂದ್ರು. ಆಮೇಲೆ ಹೇಳೋದಾದ್ರೂ ಹೇಗೆ? ಅವತ್ತಿಂದ ಬೀದೀಲಿ ನಡೆದ ಸಹಿ ಎಲ್ಲಾ ಆ ಅಂಗಡಿ ನಿಬ್ಬಲ್ಲೇ."

"ನನ್ನ ಮದುವೆದು?"

"ಅದೂ."

ನಾನು ಬಾಗಿಲ ಸಂದಿಯಿಂದ ಹೆಂಡತಿಯ ಕಡೆ ನೋಡಿದೆ. ಸ್ಟೇಷನ್ ಮಾಸ್ಟರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪರವಾಗಿಲ್ಲ, ಬಾಳಿಕೆ ಬಂದಿತ್ತು.

"ಕಾಂಪೌಂಡರು ಪುಡಿ ಹಾಕಿದ್ರೆ ಬಂಡವಾಳ ಬಯಲಾಗತ್ತೆ ಅಂತ ನೀರು ಚೆಲ್ಲಿದೆ," ಎಂದರು ಅತ್ತೆ. "ಈಗ ನೋಡಿದ್ರೆ ಪೈಪೇ ಬಿಚ್ತಾರಂತೆ. ಹೇಗಾದ್ರೂ ತಡೀರಿ. ಮದುವೆ ಇನ್ನೂ ನೆಟ್ಟಗೆ ನಿಂತಿಲ್ಲ, ಇದೂ ಗೊತ್ತಾದ್ರೆ ಇವರು ಕೋಟು ಬಿಚ್ಚಿ ಮಲಗಿಬಿಡ್ತಾರೆ."

ಪ್ಲಂಬರು ಚೀಲ ಹೆಗಲಿಗೆ ಹಾಕಿಕೊಂಡು ಬಂದ. ಸಿಂಕಿನ ಕೆಳಗೆ ಬಗ್ಗಿ ನೋಡಿ, ಆ ಕಸುಬಿನವರೆಲ್ಲ ಮೊದಲು ಕೇಳುವ ಪ್ರಶ್ನೆ ಕೇಳಿದ: "ಯಾರ್ರೀ ಇದನ್ನ ಫಿಟ್ ಮಾಡಿದ್ದು?"

"ನೀನೇ ಕಣಯ್ಯಾ," ಎಂದರು ಮಾವ.

"ಅದಕ್ಕೇ ಇಷ್ಟು ವರ್ಷ ಬಂದಿದೆ."

"ಮೊದಲು ಕಾಫಿ ಕುಡಿ," ಎಂದರು ಅತ್ತೆ. ಕುಡಿದ. "ಇನ್ನೊಂದು ಲೋಟ?" ಅದನ್ನೂ ಕುಡಿದ. ಆಮೇಲೆ ನಾನು ಮುಂದೆ ಬಂದೆ. "ನೋಡಪ್ಪ, ಬೀಗದ ಕಾರ್ಖಾನೆಯವನಾಗಿ ಹೇಳ್ತೀನಿ. ಈ ಪೈಪಿನ ತಿರುಪು ತುಕ್ಕು ಹಿಡಿದು ಕಚ್ಕೊಂಡಿದೆ. ಬಿಚ್ಚಿದ್ರೆ ಗೋಡೆ ಸಮೇತ ಬರತ್ತೆ."

"ಇದು ಪ್ಲಾಸ್ಟಿಕ್ ಸ್ವಾಮಿ," ಎಂದ ಪ್ಲಂಬರು. ಕೈಯಲ್ಲೇ ತಿರುಗಿಸಿ ತೆಗೆದುಬಿಟ್ಟ.

ಕೆಳಗೆ ಬಕೆಟ್ ಇತ್ತು. ಪೈಪಿನ ಬಾಗನ್ನು ಅದರೊಳಗೆ ಬೋರಲು ಹಾಕಿ ಕುಟ್ಟಿದ. ಮೊದಲು ಕಪ್ಪು ರಾಡಿ ಬಂತು. ಅಂಗಿಯ ಗುಂಡಿಗಳು ಬಂದವು. ನಾದಿನಿಯ ಕಿವಿಯೋಲೆಯ ತಿರುಪು ಬಂತು. ಒಂದು ಪುಟ್ಟ ಚಮಚ ಬಂತು. "ಇದು ನಮ್ಮನೆ ಔಷಧಿ ಚಮಚ!" ಎಂದು ಸ್ಟೇಷನ್ ಮಾಸ್ಟರ ಹೆಂಡತಿ ಅತ್ತೆಯ ಕಡೆ ತಿರುಗಿ ಚೀರಿದರು. "ವಾಪಸ್ ಕೊಟ್ಟಿದೀನಿ ಅಂತ ಸಾಧಿಸಿದ್ರಲ್ರೀ!" ಎಲ್ಲಕ್ಕಿಂತ ಕೊನೆಗೆ ಟಿಣ್ ಎಂದಿತು.

ಪ್ಲಂಬರು ಅದನ್ನು ನಲ್ಲಿಯ ಕೆಳಗೆ ತೊಳೆದು ಎರಡು ಬೆರಳಲ್ಲಿ ಹಿಡಿದೆತ್ತಿದ.

ನಿಬ್ಬು. ಹಳದಿ. ಅಷ್ಟು ವರ್ಷ ಕೊಚ್ಚೆಯಲ್ಲಿ ಬಿದ್ದಿದ್ದರೂ ಒಂದು ಚುಕ್ಕೆ ಕಲೆಯಿಲ್ಲದೆ, ಈಗ ತಾನೇ ಅಕ್ಕಸಾಲಿಗನ ಕೈಯಿಂದ ಇಳಿದು ಬಂದ ಹಾಗೆ ಧಗಧಗಿಸುತ್ತಿತ್ತು.

ಮಾವನವರು ನಿಬ್ಬನ್ನು ನೋಡಿದರು. ಅತ್ತೆಯನ್ನು ನೋಡಿದರು. ಅತ್ತೆ ಸೀಲಿಂಗನ್ನು ನೋಡಿದರು. ಸ್ಟೇಷನ್ ಮಾಸ್ಟರು ಬಾಯಿ ತೆರೆದರು. ಆ ಬಾಯಿಂದ ಮಾತು ಹೊರಬೀಳುವ ಮುಂಚೆ ಏನಾದರೂ ಆಗಬೇಕಿತ್ತು. ಇಂಥ ಹೊತ್ತಿಗಾಗಿಯೇ ದೇವರು ನನ್ನನ್ನು ಸೃಷ್ಟಿಸಿರುವುದು.

"ಬಂತಾ?" ಎಂದೆ, ಆಕಳಿಸುತ್ತ. "ಇನ್ನೂ ಸ್ವಲ್ಪ ಹೊತ್ತು ಬೇಕು ಅನ್ಕೊಂಡಿದ್ದೆ. ಸೋಡಾ ಹಾಕಿದ್ನಲ್ಲ."

"ಸೋಡಾ!" ಕಾಂಪೌಂಡರು ತಮ್ಮ ಹಣೆ ತಟ್ಟಿಕೊಂಡರು. "ಅದನ್ನ ಮೊದಲೇ ಹೇಳಬಾರದಾ? ಹುಳೀಲಿ ಕರಗಿದ್ದು ಸೋಡಾ ಸೇರಿದ್ರೆ ಮತ್ತೆ ಗಟ್ಟಿಯಾಗಲೇಬೇಕು. ನಾನು ತಂದ ಪುಡಿ ಮಾಡೋದೂ ಅದನ್ನೇ!"

"ಅದು ಸರಿ," ಎಂದರು ಸ್ಟೇಷನ್ ಮಾಸ್ಟರು, "ಗಟ್ಟಿಯಾಗೋದು ಗಟ್ಟಿಯಾಗಲಿ. ನಿಬ್ಬಿನ ಆಕಾರದಲ್ಲೇ ಯಾಕಾಗ್ಬೇಕು?"

ಪ್ರಶ್ನೆ ಗಂಭೀರವಾಗಿತ್ತು. ಕಾಂಪೌಂಡರು ನನ್ನ ಮುಖ ನೋಡಿದರು. ನಾನು ಸ್ಟೇಷನ್ ಮಾಸ್ಟರ ಮುಖವನ್ನು ಅಪಾರ ಕರುಣೆಯಿಂದ ನೋಡಿದೆ. "ಅಷ್ಟು ವರ್ಷ ನಿಬ್ಬಾಗಿದ್ದದ್ದು ಇನ್ನೇನಾಗ್ಬೇಕಿತ್ತು ಸ್ವಾಮಿ? ಚಮಚ ಆಗ್ಬೇಕಿತ್ತಾ?"

"ಅಭ್ಯಾಸ," ಎಂದರು ಮಾವನವರು, ಕಣ್ಣು ತುಂಬಿಕೊಂಡು. "ಚಿನ್ನಕ್ಕೆ ಅಭ್ಯಾಸ ಇರತ್ತೆ." ನನ್ನನ್ನು ಅಪ್ಪಿಕೊಂಡರು. ಅತ್ತೆ ಸೀಲಿಂಗಿನಿಂದ ಕೆಳಗಿಳಿದು ಪ್ಲಂಬರಿಗೆ ಮೂರನೆಯ ಕಾಫಿ ಬಗ್ಗಿಸಿದರು. ಸ್ಟೇಷನ್ ಮಾಸ್ಟರ ಹೆಂಡತಿ ಚಮಚ ಎತ್ತಿಕೊಂಡು ಮನೆಗೆ ಹೋದರು.

ನಿಬ್ಬನ್ನು ನಾಲಿಗೆಯ ಮೇಲೆ ಕೂರಿಸಿ ಪೆನ್ನಿಗೆ ಒತ್ತಿ, ಹೊಸ ಇಂಕು ತುಂಬಿ ಕೊಟ್ಟೆ. ಬರೆದು ನೋಡೋಣ ಎಂದರೆ ಮಾವನವರು ಬಿಡಲಿಲ್ಲ. "ಹೊಸ ಜನ್ಮ ಎತ್ತಿದೆ. ಮೊದಲನೇ ಗೆರೆ ಮಗಳ ಮದುವೇದೇ ಆಗ್ಲಿ." ಬೆಳ್ಳಗಾಗಿದ್ದ ಅಂಗಡಿ ನಿಬ್ಬನ್ನು ನಾನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದೆ. ಚಿನ್ನ ಬಿಟ್ಟುಹೋದ ನಿಬ್ಬು ಹೇಗಿರುತ್ತದೆಂದು ಕಾರ್ಖಾನೆಯ ಅಜ್ಞಾನಿಗಳಿಗೆ ತೋರಿಸಬೇಡವೇ?

ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಿನ ಕಡೆಯವರು ಗೋಡೆಯುದ್ದಕ್ಕೂ ನಿಂತಿದ್ದರು. ಬೀದಿಯವರು ಕಿಟಕಿಯ ಹೊರಗೆ. ರಿಜಿಸ್ಟ್ರಾರು ಬಡಕಲು ಮನುಷ್ಯ, ಸದಾ ಗಡಿಯಾರ ನೋಡುವವರು. ಅವರ ಮೇಜಿಗೆ ಒಂದು ಬಾಲ್‌ಪೆನ್ನನ್ನು ದಾರದಿಂದ ಕಟ್ಟಿಹಾಕಿದ್ದರು. ಮಾವನವರು ಅದನ್ನು ಜೈಲಿನ ಕೈದಿಯನ್ನು ನೋಡುವ ಹಾಗೆ ನೋಡಿ, ಕೋಟಿನ ಜೇಬಿನಿಂದ ತಮ್ಮದನ್ನು ತೆಗೆದರು.

"ಇದೇನಾ ಆ ಪೆನ್ನು?" ಎಂದರು ಬೀಗರು, ಭಕ್ತಿಯಿಂದ.

"ಇದೇ. ಮೊನ್ನೆ ನಮ್ಮ ಅಳಿಯಂದಿರು ಕರಗಿಸಿ ಮತ್ತೆ ಎರಕ ಹೊಯ್ದಿದಾರೆ." ಗಂಡಿನ ಕಡೆಯ ಗೋಡೆ ಪೂರ್ತಿ ನನ್ನತ್ತ ತಿರುಗಿತು. ನಾನು ವಿನಯದಿಂದ ಕೆಮ್ಮಿದೆ.

ಮಾವನವರು ಮೇಜಿನ ಮೇಲಿದ್ದ ಇಂಕು ಹೀರುವ ಕಾಗದದ ಮೇಲೆ ಮೊದಲು ಒಂದು ಗೆರೆ ಎಳೆದರು. ಕರ್ರ್ ಎಂದಿತು. ಇನ್ನೊಂದು ಎಳೆದರು. ಕಾಗದ ಹರಿಯಿತು. ಮೂರನೆಯದಕ್ಕೆ ದೊಡ್ಡದೊಂದು ಇಂಕಿನ ಹನಿ ಉದುರಿ ಜೇಡನ ಹಾಗೆ ಕಾಲು ಚಾಚಿತು. ಸಿಂಕಿನ ತೂತು ಚುಚ್ಚಿದ ಮೂತಿ ಅದು. ಒಂದು ಸೀಳು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ ತಿರುಗಿತ್ತು. ಅದನ್ನು ಬಲ್ಲವರು ಅಲ್ಲಿ ಇಬ್ಬರೇ. ಒಬ್ಬರು ಆಗಲೇ ಸೀಲಿಂಗು ನೋಡತೊಡಗಿದ್ದರು.

"ಬೇಗ ಆಗ್ಲಿ ಸ್ವಾಮಿ," ಎಂದರು ರಿಜಿಸ್ಟ್ರಾರು. "ಇನ್ನೇನು ಊಟದ ವೇಳೆ. ಇದರಲ್ಲಿ ಹಾಕಿ." ದಾರದ ಪೆನ್ನು ಮುಂದಕ್ಕೆ ಬಂತು.

"ಕಟ್ಟಿಹಾಕಿದ ಪೆನ್ನಲ್ಲಿ ನಾನು ಮಗಳನ್ನ ಕೊಡಲ್ಲ," ಎಂದರು ಮಾವ. "ಮುಂದಕ್ಕೆ ಹಾಕಿ."

"ಮುಂದಕ್ಕಾ!" ಬೀಗರ ದನಿ ಕಿಟಕಿ ದಾಟಿ ರಸ್ತೆಗೆ ಬಿತ್ತು. "ಅಡುಗೆಯೆಲ್ಲಾ ಆಗಿ ಕೂತಿದೆ ರೀ! ಪೆನ್ನಿಗೆ ಹುಷಾರಿಲ್ಲ ಅಂತ ಜನಾನ ವಾಪಸ್ ಕಳಿಸ್ಲಾ?"

"ಇವತ್ತು ಇಲ್ಲ ಅಂದ್ರೆ ಮತ್ತೆ ಹೊಸದಾಗಿ ಅರ್ಜಿ," ಎಂದರು ರಿಜಿಸ್ಟ್ರಾರು ಗಡಿಯಾರ ನೋಡುತ್ತ. ಮದುಮಗ ಅಪ್ಪನ ತೋಳು ಹಿಡಿದ. ನಾದಿನಿ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಅವಳು ನನ್ನ ಕಡೆ ನೋಡಿದಳು. ನನಗೋ, ಜೀವಮಾನದಲ್ಲೇ ಮೊದಲ ಬಾರಿಗೆ ಏನೂ ತೋಚಲಿಲ್ಲ. ತೋಚದೆ ಹಣೆಯ ಬೆವರೊರೆಸಲು ಕರವಸ್ತ್ರ ತೆಗೆದೆ. ಅದರೊಳಗಿನಿಂದ ಬಿಳಿ ನಿಬ್ಬು ಟಿಣ್ ಎಂದು ರಿಜಿಸ್ಟ್ರಾರ ಮೇಜಿನ ಮೇಲೆ ಬಿತ್ತು.

ಅತ್ತೆ ಸೀಲಿಂಗಿನಿಂದ ತಟಕ್ಕನೆ ಇಳಿದರು. "ಅಳಿಯಂದಿರೇ! ಅದನ್ನ ಹಾಕಿ ನೋಡಿ. ಅದೂ ಇವರ ಅಪ್ಪಂದೇ ತಾನೇ?"

ನಾನು ಬಿಡುವೆನೇ? ಚಿನ್ನದ್ದನ್ನು ಎಳೆದು, ಬಿಳಿಯದನ್ನು ನಾಲಿಗೆಯ ಮೇಲೆ ಕೂರಿಸಿ ಒತ್ತುವಷ್ಟರಲ್ಲಿ ನನ್ನ ಹತ್ತು ಬೆರಳೂ, ಅಂಗಿಯ ತೋಳೂ, ರಿಜಿಸ್ಟ್ರಾರ ಒಂದು ಕಿವಿಯೂ ನೀಲಿಯಾಗಿದ್ದವು. ಅವರ ಕಿವಿಗೆ ಹೇಗಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ನಾದಿನಿ ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಸದ್ದೇ ಇಲ್ಲ. ಹಾಲಿನ ಮೇಲೆ ಕೆನೆ ಜಾರಿದ ಹಾಗೆ ಹೆಸರು ಜಾರಿತು. ಮದುಮಗ ಹಾಕಿದ. ಮಾವನವರು ಅವನ ಹೆಗಲ ಹಿಂದೆ ನಿಂತು ಅಭ್ಯಾಸಬಲದಿಂದ, "ಒತ್ತಬೇಡಿ, ಒತ್ತಬೇಡಿ" ಎಂದರು. ಕೊನೆಗೆ ತಾವೇ ಕುಳಿತು, ಹೊಸದಾಗಿ ಕೂಡಿಕೊಂಡ ಕೈಯಿಂದ, ಉದ್ದನೆಯ ಬಾಲವಿರುವ ತಮ್ಮ ಹಳೆಯ ಸಹಿ ಎಳೆದರು. ಬಾಲ ಮುಗಿದ ಮೇಲೂ ಪೆನ್ನು ಎತ್ತಲು ಅವರಿಗೆ ಮನಸ್ಸಿರಲಿಲ್ಲ.

"ನೋಡಿದ್ರಾ?" ಎಂದರು ಎಲ್ಲರ ಕಡೆ ತಿರುಗಿ. "ಚಿನ್ನ ಬಿಟ್ಟುಹೋದ್ರೂ ಅದರ ಗುಣ ನಿಬ್ಬಲ್ಲೇ ಉಳ್ಕೊಂಡಿದೆ!"

ಗಂಡಿನ ಕಡೆಯ ಗೋಡೆ ಚಪ್ಪಾಳೆ ತಟ್ಟಿತು. ಬೀಗರು ಬಂದು ಅದೇ ಪೆನ್ನಿನಲ್ಲಿ, ಯಾರೂ ಕೇಳದಿದ್ದರೂ, ಇನ್ನೊಂದು ಸಹಿ ಹಾಕಿದರು. ರಿಜಿಸ್ಟ್ರಾರು ಕೂಡ ದಾರದ ಪೆನ್ನನ್ನು ಪಕ್ಕಕ್ಕೆ ತಳ್ಳಿ, "ನಂದೂ ಒಂದು ಹಾಕಿಬಿಡ್ತೀನಿ, ಕೊಡಿ" ಎಂದು ಕೈ ಚಾಚಿದರು.

ಊಟದಲ್ಲಿ ಅತ್ತೆ ನನ್ನ ತಟ್ಟೆಗೆ ಎರಡೆರಡು ಸಲ ಸಿಹಿ ಬಡಿಸಿದ್ದನ್ನು ಗಮನಿಸಿದ ಹೆಂಡತಿ, "ಏನ್ರೀ ವಿಶೇಷ?" ಎಂದಳು. "ವಿಜ್ಞಾನಿಗಳಿಗೆ ಎಲ್ಲಾ ಮನೇಲೂ ಮರ್ಯಾದೆ ಇರತ್ತೆ," ಎಂದೆ.

ಮರುದಿನ ಬೆಳಿಗ್ಗೆ ನಾವು ಹೊರಡಲು ಪೆಟ್ಟಿಗೆ ಕಟ್ಟುತ್ತಿದ್ದಾಗ ಸ್ಟೇಷನ್ ಮಾಸ್ಟರು ಬಂದರು. ಮುಖದಲ್ಲಿ ಹಿಂದಿನ ಗತ್ತಿಲ್ಲ. ಎದೆಗೆ ಒಂದು ಡಬ್ಬಿ ಅವಚಿಕೊಂಡಿದ್ದರು. ಮಖಮಲ್ಲಿನ ಮೇಲೆ ತಾತನ ಚಿನ್ನದ ಗಡಿಯಾರ ಮಲಗಿತ್ತು. ಸರಪಳಿಯ ಕೊಂಡಿಕೊಂಡಿಗೂ ಕೆಂಪು ಪುಡಿ.

"ನಿಮ್ಮಂಥವರ ಮೇಲೆ ಅನುಮಾನಪಟ್ಟೆ, ಕ್ಷಮಿಸಿ," ಎಂದರು. "ನಮ್ಮದೂ ಹಳೇ ಚಿನ್ನವೇ. ಅದಕ್ಕೂ ಹಿಡಿದಿದೆ. ಸ್ವಲ್ಪ ತೆಗೆದುಕೊಟ್ಟು ಹೋಗ್ತೀರಾ?"

ನಾನು ತೋಳು ಮಡಿಸಿದೆ. ವಿನಿಗರ್ ತರಿಸಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬೆನ್ನ ಹಿಂದೆ, ಬಾಗಿಲ ಬಳಿ ಕಣ್ಣು ಹಾಯಿತು. ಅವರ ಹೆಂಡತಿ ಅಲ್ಲಿ ನಿಂತು, ಮುಖ ಬೆಳ್ಳಗೆ ಮಾಡಿಕೊಂಡು, ಎರಡೂ ಕೈಯಿಂದ ಬೇಡ, ಬೇಡ, ದಮ್ಮಯ್ಯ, ಬೇಡ ಎಂದು ಸನ್ನೆ ಮಾಡುತ್ತಿದ್ದರು. ಅವರ ಪಕ್ಕದಲ್ಲಿ ನಮ್ಮತ್ತೆ, ಆಕೆಯ ಹೆಗಲ ಮೇಲೆ ಕೈಯಿಟ್ಟುಕೊಂಡು, ಸೀಲಿಂಗು ನೋಡುತ್ತಿದ್ದರು.

ನಾನು ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿ ಸ್ಟೇಷನ್ ಮಾಸ್ಟರ ಕೈಗೆ ಕೊಟ್ಟೆ.

"ಇದು ತೀರಾ ಉತ್ತಮ ಜಾತಿ ಚಿನ್ನ ಸ್ವಾಮಿ," ಎಂದೆ. "ಇದರ ತುಕ್ಕನ್ನ ಮುಟ್ಟಲೇಬಾರದು."